ನೋವಿನ ಆರು ಮುಖಗಳು

ಅವಳು ಪೆನ್ಸಿಲ್ ಹಿಡಿದಳೆಂದರೆ ಕಾಗದವೇ ಎದ್ದು ನಮಸ್ಕಾರ ಮಾಡುತ್ತಿತ್ತು. ಇದು ಅತಿಯಾಯಿತು ಅನ್ನುವವರು ಅವಳ ಅಪ್ಪನ ಬಸ್ಸಿನಲ್ಲಿ ಒಮ್ಮೆಯೂ ಓಡಾಡಿದವರಲ್ಲ. ಕಂಡಕ್ಟರ್ ಅಪ್ಪ ಟಿಕೆಟ್ ಹರಿಯುವುದನ್ನು ಮರೆತರೂ ಮರೆತಾನು, ಮಗಳ ಸುದ್ದಿ ಹೇಳುವುದನ್ನು ಮರೆಯುತ್ತಿರಲಿಲ್ಲ. ಅವಳು ಅಂಬೆಗಾಲಿಡುವಾಗ ಗೋಡೆಯ ಮೇಲೆ ಗೀಚಿದ ಬೆಕ್ಕನ್ನು ಕಂಡು ಮನೆಯ ಇಲಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಬೀದಿಗೆ ಹೋದ ಕಥೆ ಆ ರೂಟಿನ ಪ್ರಯಾಣಿಕರಿಗೆಲ್ಲ ಬಾಯಿಪಾಠವಾಗಿತ್ತು. ಮನೆಯಲ್ಲೂ ಹೊರಗೂ ಅವಳನ್ನು ಕರೆಯುತ್ತಿದ್ದುದೇ ‘ಪೆನ್ಸಿಲ್’ ಅಂತ.

ಪೆನ್ಸಿಲ್ ಈಗ ಡಿಸೈನ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಆ ಕಾಲೇಜಿನಲ್ಲಿ ಸುಮ್ಮನೆ ಚಿತ್ರ ಬರೆಯುವ ಹಾಗಿಲ್ಲ. ಬರೆದ ಚಿತ್ರದಿಂದ ಸಮಾಜ ಉದ್ಧಾರವಾಗಬೇಕು. ಹಾಗಂತ ಗಡ್ಡದ ಮೇಷ್ಟ್ರ ಅಪ್ಪಣೆ. ಮೇಷ್ಟ್ರ ಗಡ್ಡ ಎಷ್ಟಿತ್ತೆಂದರೆ, ಅದು ಮೊದಲು ತರಗತಿಗೆ ಬಂದು ಕೂತು, ಆಮೇಲೆ ಅವರು ಬರುತ್ತಿದ್ದರು. ‘ಇಂಪ್ಯಾಕ್ಟ್ ಎಲ್ಲಮ್ಮಾ? ಚೆನ್ನಾಗಿದೆ, ಸರಿ. ಇಂಪ್ಯಾಕ್ಟ್ ಎಲ್ಲಿ?’ ಎಂಬುದು ಅವರ ಒಂದೇ ಪ್ರಶ್ನೆ.

ಪೆನ್ಸಿಲ್‌ಳ ಕಷ್ಟವೆಂದರೆ ಅವಳ ಚಿತ್ರಗಳಿಗೆ ಇಂಪ್ಯಾಕ್ಟ್ ಇತ್ತು, ಆದರೆ ತಿರುಗುಮುರುಗಾಗಿತ್ತು. ಸಿಗರೇಟು ಬಿಡಿ ಎಂದು ಪೋಸ್ಟರ್ ಬರೆದಳು. ಅದರಲ್ಲಿ ಹೊಗೆ ಸುರುಳಿ ಸುರುಳಿಯಾಗಿ ಎಷ್ಟು ಅಂದವಾಗಿ ಎದ್ದಿತ್ತೆಂದರೆ, ಬಿಟ್ಟವರೂ ಬಂದು ಅದರ ಮುಂದೆ ನಿಂತು ಒಂದು ಹಚ್ಚಿಕೊಂಡರು. ಕೈ ತೊಳೆಯಿರಿ ಎಂದು ಬರೆದದ್ದನ್ನು ಜನ ಗೋಡೆಯಿಂದ ಕಿತ್ತು, ಕೊಳಕು ಕೈಯಲ್ಲೇ ಮನೆಗೆ ಒಯ್ದು, ಚೌಕಟ್ಟು ಹಾಕಿಸಿದರು. ಕತ್ತಲಿಗೆ ಹೆದರುವ ಮಕ್ಕಳಿಗೆಂದು ಮಾಡಿದ ಪುಸ್ತಕದ ಕತ್ತಲಂತೂ ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ, ಹಗಲಲ್ಲೂ ಪರದೆ ಎಳೆದು ಕೂತವು. ತಾಯಂದಿರು ತಡಕಾಡಿ ಮೊಣಕೈ ಮುರಿದುಕೊಂಡರು.

ಕೊನೆಯ ಪ್ರಾಜೆಕ್ಟಿಗೆ ಏನು ಮಾಡಲಿ ಎಂದು ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ವಿಷಯ ತಾನಾಗಿಯೇ ಕುಂಟುತ್ತಾ ಮನೆಗೆ ಬಂತು. ಮೂರು ಕಂಡಕ್ಟರುಗಳ ಆಯುಷ್ಯದಷ್ಟು ಕಾಲ ಓಡುವ ಬಸ್ಸಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತವನು ಅಪ್ಪ. ಅಂಥವನು ನಿಂತ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದ. ಮೊಣಕಾಲ ಚಿಪ್ಪು ಚೂರುಚೂರು. ಆಪರೇಷನ್ ಆಯಿತು, ಮೂಳೆ ವಾರ್ಡಿನ ಮೂಲೆಯ ಮಂಚ ಸಿಕ್ಕಿತು.

ಆ ವಾರ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಮುರಿದ ಜಾಗವೇ ಹೆಸರು. ಪಕ್ಕದ ಮಂಚದಲ್ಲಿ ‘ಸೊಂಟ’ ಎಂಬ ನಿವೃತ್ತ ಶಾಲಾ ಇನ್ಸ್‌ಪೆಕ್ಟರ್, ಎದುರಿಗೆ ‘ಭುಜ’ ಎಂಬ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ದಿನಕ್ಕೆರಡು ಸಲ ದೊಡ್ಡ ನರ್ಸು ಒಂದು ರಟ್ಟು ಹಿಡಿದು ಬರುತ್ತಿದ್ದಳು. ರಟ್ಟಿನ ಮೇಲೆ ಆರು ದುಂಡು ಮುಖ. ಮೊದಲನೆಯದು ನಗುತ್ತಿದೆ, ಅಂದರೆ ನೋವೇ ಇಲ್ಲ. ಆರನೆಯದು ಗೋಳೋ ಎನ್ನುತ್ತಿದೆ, ಅಂದರೆ ತಡೆಯಲಾಗುತ್ತಿಲ್ಲ. ರೋಗಿ ತನ್ನ ನೋವಿಗೆ ತಕ್ಕ ಮುಖ ಮುಟ್ಟಬೇಕು. ಮುಟ್ಟಿದ ಮುಖ ನೋಡಿ ಔಷಧಿ. ನೋವು ಇಳಿಯಬೇಕಾದ ಹೊತ್ತಲ್ಲಿ ಏರಿದರೆ ಒಳಗೇನೋ ಕೆಟ್ಟಿದೆ ಎಂದು ಡಾಕ್ಟರು ಓಡಿ ಬರುತ್ತಾರೆ. ಆದರೆ ಆ ರಟ್ಟು ಎಷ್ಟು ಮಾಸಿತ್ತೆಂದರೆ ಆರೂ ಮುಖಗಳು ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು.

‘ಸಿಸ್ಟರ್, ಇದನ್ನ ನಾನು ಹೊಸದಾಗಿ ಬರೆದುಕೊಡ್ಲಾ?’ ಅಂದಳು ಪೆನ್ಸಿಲ್.

‘ಬರೀಮ್ಮ. ಇದರಲ್ಲಿ ಅಳೋರು ಯಾರು, ನಗೋರು ಯಾರು ಅಂತ ನಂಗೇ ಗೊತ್ತಾಗಲ್ಲ’ ಎಂದಳು ದೊಡ್ಡ ನರ್ಸು.

ಬರೆದಳು ನೋಡಿ! ಆರು ಮುಖ ಬರೆಯಲು ಆರುನೂರು ಕಾಗದ ಹರಿದಳು. ಮನೆಯಲ್ಲಿ ಅಮ್ಮ ಚೂರುಗಳ ನಡುವೆ ಈಜುತ್ತಾ ಅಡುಗೆಮನೆ ಸೇರುತ್ತಿದ್ದಳು. ಮೊದಲ ಮುಖ ಎಂಥದ್ದೆಂದರೆ, ಸಾಲ ವಸೂಲಿಗೆ ಬಂದವನೂ ಅದನ್ನು ನೋಡಿ ಸಾಲ ಮರೆತು ಹಿಂದಿರುಗಬೇಕು. ಕೆನ್ನೆಯಲ್ಲಿ ಎಳೆಬಿಸಿಲು, ಕಣ್ಣಲ್ಲಿ ತುಂಟತನ. ಗಡ್ಡದ ಮೇಷ್ಟ್ರು ವಾರ್ಡಿಗೇ ಬಂದು ನೋಡಿ, ಗಡ್ಡ ನೀವಿಕೊಂಡು, ‘ಮಾರ್ಕ್ಸ್ ಹಾಕೋ ಜ್ಯೂರಿಯವರನ್ನ ಇಲ್ಲಿಗೇ ಕರಕೊಂಡು ಬರ್ತೀನಿ. ಅಷ್ಟರಲ್ಲಿ ಇಂಪ್ಯಾಕ್ಟ್ ತೋರಿಸು. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಕಾಲೇಜಲ್ಲೇ’ ಎಂದರು. ಈ ಮಾತು ಮೂಲೆಯ ಮಂಚದಲ್ಲಿ ಮಲಗಿದ್ದ ಕಂಡಕ್ಟರ್ ಕಿವಿಗೂ ಬಿತ್ತು.

ಆಮೇಲೆ ನಡೆದದ್ದು ವೈದ್ಯಶಾಸ್ತ್ರದ ಚರಿತ್ರೆಯಲ್ಲೇ ಇಲ್ಲ. ಹೊಸ ರಟ್ಟು ಬಂದದ್ದೇ ತಡ, ವಾರ್ಡಿನ ನೋವು ಸೂರ್ಯನ ಮುಂದೆ ಮಂಜು ಕರಗಿದ ಹಾಗೆ ಕರಗಿಹೋಯಿತು. ನರ್ಸು ರಟ್ಟು ಹಿಡಿದರೆ ಸಾಕು, ಸೊಂಟ ಮೊದಲ ಮುಖ ಮುಟ್ಟಿದರು, ಭುಜ ಮೊದಲ ಮುಖ ಮುಟ್ಟಿದ. ನಿನ್ನೆ ರಾತ್ರಿ ತೊಡೆ ಮುರಿದುಕೊಂಡು ಬಂದವನೂ ಹಲ್ಲು ಕಚ್ಚಿಕೊಂಡು ನಗುವ ಮುಖಕ್ಕೇ ಕೈಯಿಟ್ಟ. ಔಷಧಿ ಬೀರು ತುಕ್ಕು ಹಿಡಿಯುವ ಹಾಗಾಯಿತು. ಮೇಷ್ಟ್ರಿಗೆ ಸುದ್ದಿ ಮುಟ್ಟಿ, ಅವರು ಫೋನಿನಲ್ಲೇ ಕುಣಿದರು: ‘ಚಿತ್ರದಿಂದ ನೋವು ವಾಸಿ! ಪೆನ್ಸಿಲ್, ನೀನು ಚಿತ್ರ ಬರೆದಿಲ್ಲಮ್ಮ, ಮಾತ್ರೆ ಬರೆದಿದ್ದೀಯ!’

ಪೆನ್ಸಿಲ್ ನೆಲದಿಂದ ಒಂದು ಗೇಣು ಮೇಲೆಯೇ ಓಡಾಡಿದಳು. ಜ್ಯೂರಿ ಬರುವ ಹಿಂದಿನ ದಿನ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ವಾರ್ಡಿಗೆ ಬಂದಾಗ ಅಪ್ಪ ನಿದ್ದೆಯಲ್ಲಿದ್ದ. ಅವಳು ಅಭ್ಯಾಸಬಲದಿಂದ ಅವನ ಮುಖ ನೋಡಿದಳು, ಮತ್ತೆ ನೋಡಿದಳು. ಹುಬ್ಬುಗಳು ಮೂಗಿನ ಬುಡಕ್ಕೆ ಬಂದು ಗಂಟು ಬಿದ್ದಿವೆ. ದವಡೆ ಬಿಗಿದಿದೆ. ಹೊದಿಕೆಯ ಅಂಚು ಮುಷ್ಟಿಯೊಳಗೆ ಹಿಂಡಿಹೋಗಿದೆ. ಆರನೇ ಮುಖ ಬರೆಯಲು ಅಷ್ಟು ಕಾಗದ ಹರಿದಾಗ ಕೈಗೆ ಸಿಗದೆ ತಪ್ಪಿಸಿಕೊಂಡದ್ದು ಇಲ್ಲಿ ಬಂದು ಮಲಗಿತ್ತು.

ಮೊಣಕಾಲಿಗೆ ಸುತ್ತಿದ್ದ ಬಟ್ಟೆಯ ಮೇಲೆ ಕೈಯಿಟ್ಟಳು. ಒಲೆಯ ಮೇಲಿಟ್ಟ ಬಾಣಲೆಯ ಹಾಗೆ ಸುಡುತ್ತಿತ್ತು. ಅಪ್ಪ ಬೆಚ್ಚಿ ಕಣ್ಣು ಬಿಟ್ಟ. ಅವಳನ್ನು ಕಂಡವನೇ ಮುಖಕ್ಕೆ ನಗು ಏರಿಸಿದ. ಬಾಯಿ ನಕ್ಕಿತು, ಹುಬ್ಬು ಮಾತ್ರ ಇದ್ದಲ್ಲೇ ಇತ್ತು.

‘ಅಪ್ಪ, ನೋಯ್ತಿದೆಯಾ?’

‘ನೋವಾ? ಎಲ್ಲಮ್ಮ ನೋವು? ನಿನ್ನ ಚಿತ್ರ ಬಂದ ಮೇಲೆ ನೋವು ಬಸ್ ಹತ್ತಿ ಊರು ಬಿಡ್ತು.’

‘ನಿಜ ಹೇಳು.’

ಅಪ್ಪ ಅತ್ತಿತ್ತ ನೋಡಿ ದನಿ ಇಳಿಸಿದ. ‘ನಾಳೆ ಒಂದು ದಿನ ಸುಮ್ನಿರು ಮಗಳೇ. ಎಲ್ಲರಿಗೂ ಹೇಳಿಟ್ಟಿದ್ದೀನಿ. ನನ್ನ ಮಗಳು ಬರೆದಿರೋದು, ಎಲ್ಲಾರೂ ಮುಂದಿರೋ ನಗೋ ಮುಖಾನೇ ಮುಟ್ಟಿ, ಮುಂದೆ ಹೋಗಿ ಮುಂದೆ ಹೋಗಿ ಅಂತ. ಒಬ್ಬನೂ ಹಿಂದೆ ನಿಂತಿಲ್ಲ!’

ಪಕ್ಕದ ಮಂಚದಿಂದ ಸೊಂಟ ಹೆಮ್ಮೆಯಿಂದ ತಲೆಯಾಡಿಸಿದರು. ‘ಮಗುವಿನ ಪರೀಕ್ಷೆ ಅಂದ್ರೆ ಸುಮ್ನೇನಮ್ಮಾ? ನಾನೂ ಇಲಾಖೆಯಲ್ಲಿದ್ದವನು. ಇನ್ಸ್‌ಪೆಕ್ಷನ್‌ಗೆ ಶಾಲೆ ಹೇಗೆ ರೆಡಿ ಆಗುತ್ತೆ ಅಂತ ನಂಗೊತ್ತು.’ ಹೇಳುವಾಗ ಅವರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಪೆನ್ಸಿಲ್ ಡಾಕ್ಟರ ಹತ್ತಿರ ಓಡಿದಳು. ಆ ಎಳೆಯ ಡಾಕ್ಟರು ಒಂದೇ ಸಲಕ್ಕೆ ಹತ್ತು ಕಡೆ ಇರಬೇಕಾದವರು, ಆದರೂ ಬಂದರು. ಮೊಣಕಾಲು ಒತ್ತಿದರು. ‘ನೋವಿದೆಯಾ?’

‘ಕಚಗುಳಿ ಆಗುತ್ತೆ ಸಾರ್’ ಎಂದು ಅಪ್ಪ ನಕ್ಕುಬಿಟ್ಟ. ಅಷ್ಟು ದೊಡ್ಡ ನಗು ಆ ವಾರ್ಡಿನಲ್ಲಿ ಹಿಂದೆಂದೂ ಕೇಳಿರಲಿಲ್ಲ. ಕಿಟಕಿಯ ಗಾಜು ಅದುರಿತು.

‘ಆಪರೇಷನ್ ಆದ ಕಾಲು ಸ್ವಲ್ಪ ಬೆಚ್ಚಗಿದ್ದೇ ಇರುತ್ತೆ. ನೋವು ಏರಿದ್ರೆ ತಾನೇ ಯೋಚನೆ?’ ಡಾಕ್ಟರು ರಟ್ಟಿನ ಕಡೆ ಕೈ ತೋರಿದರು. ‘ಇವರು ದಿನಾ ಮೊದಲ ಮುಖ ಮುಟ್ತಿದ್ದಾರೆ.’

‘ಸುಳ್ಳು ಮುಟ್ತಿದ್ದಾರೆ ಸಾರ್!’

‘ನೀವು ಬರೆದ ಚಾರ್ಟು. ನಿಮಗೇ ನಂಬಿಕೆ ಇಲ್ಲ ಅಂದ್ರೆ ಹೇಗ್ರೀ?’

ಡಾಕ್ಟರು ಹೊರಟುಹೋದರು. ಅಪ್ಪ ಅವಳಿಗೆ ಕಣ್ಣು ಹೊಡೆದ. ಅಂಗಲಾಚಿದಳು, ಗದರಿದಳು, ಜ್ಯೂರಿಯೇ ಬೇಡ ಅಂದಳು. ‘ಮಗಳ ಒಂದು ವರ್ಷ ನುಂಗೋ ಅಪ್ಪ ನಾನಲ್ಲ’ ಅನ್ನುವುದೊಂದೇ ಅವನ ಪಾಠ. ಎಂಥ ಹಟಮಾರಿ ಹೇಸರಗತ್ತೆಯೂ ಅವನ ಮುಂದೆ ನಿಂತಿದ್ದರೆ ನಾಚಿ ತಲೆ ತಗ್ಗಿಸುತ್ತಿತ್ತು. ಫ್ಲಾಸ್ಕಿನ ಕಾಫಿ ಹಾಗೇ ಆರಿತು.

ಮಾರನೆಯ ಬೆಳಗ್ಗೆ ಪೆನ್ಸಿಲ್ ಮುಖ ಕಪ್ಪಿಟ್ಟುಕೊಂಡು ಬಂದು ಮಂಚದ ಅಂಚಿನಲ್ಲಿ ಕುಸಿದಳು.

‘ಕೆಟ್ಟೋಯ್ತು ಅಪ್ಪ. ಮೇಷ್ಟ್ರು ಫೋನ್ ಮಾಡಿದ್ರು. ಫೋಟೋ ನೋಡಿದ ಜ್ಯೂರಿಯವರಿಗೆ ಮೊದಲನೇ ಮುಖ ಹಿಡಿಸಿಲ್ವಂತೆ. ನಗೋ ಮುಖ ಯಾರು ಬೇಕಾದ್ರೂ ಬರೀತಾರಂತೆ. ಆರನೇದು ಅದ್ಭುತವಂತೆ. ಆದ್ರೆ ಅದನ್ನ ಒಬ್ರೂ ಮುಟ್ಟಿಲ್ಲ, ಯಾರಿಗೂ ಬೇಡದ ಚಿತ್ರ ಅಂತ ಸೊನ್ನೆ ಹಾಕ್ತಾರಂತೆ.’

ಅಪ್ಪ ಎದ್ದು ಕೂತೇಬಿಟ್ಟ. ‘ಅಯ್ಯೋ ಪೆದ್ದಿ! ಇದನ್ನ ಮೊದಲೇ ಹೇಳಬಾರ್ದಾ? ತುಂಬಿದ ಬಸ್ಸಲ್ಲಿ ಹಿಂದಿನ ಸೀಟು ಖಾಲಿ ಓಡಿಸ್ದೆನಲ್ಲೇ ನಾನು!’ ಕತ್ತು ಚಾಚಿ ವಾರ್ಡಿಗೆಲ್ಲ ಕೇಳುವ ಹಾಗೆ, ಡಿಪೋದವರೆಗೂ ಮುಟ್ಟುವ ದನಿಯಲ್ಲಿ ಕೂಗಿದ: ‘ಎಲ್ಲಾರೂ ಕೇಳಿ! ಮುಂದೆ ಜಾಗ ಇಲ್ಲ, ಎಲ್ಲಾ ಹಿಂದೆ! ಇವತ್ತು ಕೊನೇ ಮುಖ! ಹಿಂದೆ ಹೋಗಿ, ಹಿಂದೆ ಹೋಗಿ! ರೈಟ್!’

‘ಒಂದ್ ಕಡೆ ಅಂತ ಹೇಳ್ರೀ’ ಎಂದು ಭುಜ ಗೊಣಗಿದ.

ಜ್ಯೂರಿ ಬಂತು. ಗಡ್ಡ ಮುಂದೆ, ಮೇಷ್ಟ್ರು ಹಿಂದೆ, ಅವರ ಹಿಂದೆ ಕತ್ತಿಗೆ ಬಣ್ಣದ ಬಟ್ಟೆ ಸುತ್ತಿಕೊಂಡ ಇಬ್ಬರು ದೊಡ್ಡವರು. ‘ಈಗ ನೋಡಿ’ ಎಂದು ಮೇಷ್ಟ್ರು ಕೈಯುಜ್ಜಿದರು. ದೊಡ್ಡ ನರ್ಸು ರಟ್ಟು ಹಿಡಿದಳು.

ಸೊಂಟ ಆರನೆಯದನ್ನು ಮುಟ್ಟಿದರು. ಮುಟ್ಟಿ, ‘ಅಮ್ಮಾ’ ಎಂದು ಸಣ್ಣಗೆ ಸೇರಿಸಿದರು. ಭುಜ ಆರನೆಯದು. ತೊಡೆ ಆರನೆಯದು, ಎರಡು ಸಲ. ಮೇಷ್ಟ್ರ ಗಡ್ಡ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು.

ಮೂಲೆಯ ಮಂಚದ ಸರದಿ ಬಂತು. ಅಪ್ಪ ಮಗಳ ಕಡೆ ಒಮ್ಮೆ ನೋಡಿ, ನಾಟಕದವರ ಹಾಗೆ ಗಂಟಲು ಸರಿಮಾಡಿಕೊಂಡು, ಆರನೇ ಮುಖಕ್ಕೆ ಬೆರಳೊತ್ತಿ, ‘ಅಯ್ಯೋ’ ಅಂದ. ಮೊದಲ ಅಯ್ಯೋ ನಾಟಕದ್ದೇ. ಎರಡನೆಯದು ಸ್ವಲ್ಪ ಬೇರೆ ಇತ್ತು. ಮೂರನೆಯದು ಹೊರಡುವ ಹೊತ್ತಿಗೆ ಮುಚ್ಚಿಟ್ಟಿದ್ದ ಬಾಗಿಲ ಚಿಲಕವೇ ಕಿತ್ತುಬಂದಿತ್ತು. ಆ ಕೂಗಿಗೆ ಮೇಲಿನ ಮಹಡಿಯವರು ಕೆಳಗೆ ಬಂದರು, ಕೆಳಗಿನವರು ಮೇಲೆ ಬಂದರು. ಅಪ್ಪ ಬಾಯಿ ಮುಚ್ಚಲು ನೋಡುತ್ತಿದ್ದ, ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ. ಕಣ್ಣೀರು ಕಿವಿಗಿಳಿಯುತ್ತಿತ್ತು. ಪೆನ್ಸಿಲ್ ಅವನ ಕೈ ಹಿಡಿದಳು. ಅವನು ಅವಳ ಬೆರಳುಗಳನ್ನು ಹೊದಿಕೆಯ ಅಂಚಿನಂತೆ ಹಿಂಡಿದ.

ಎಳೆಯ ಡಾಕ್ಟರು ಈ ಸಲ ನಿಜಕ್ಕೂ ಓಡಿ ಬಂದರು. ಮೊಣಕಾಲ ಬಟ್ಟೆ ಬಿಚ್ಚಿ ನೋಡಿದವರ ಮುಖ ಗಂಭೀರವಾಯಿತು. ಮಂಚವನ್ನೇ ಉರುಳಿಸಿಕೊಂಡು ಆಪರೇಷನ್ ಕೋಣೆಗೆ ಹೋದರು. ಕೀವು ತೆಗೆದು ಹೊರಬಂದಾಗ ಅವರು ಅವಳಿಗೆ ಹೇಳಿದ್ದಿಷ್ಟೇ: ‘ಇನ್ನು ಸ್ವಲ್ಪ ಬಿಟ್ಟಿದ್ರೆ ಕಾಲೇ ಹೋಗ್ತಿತ್ತು. ನಿನ್ನೆ ನೀವು ಹೇಳಿದಾಗ...’ ಎಂದು ಕನ್ನಡಕ ಒರೆಸಿಕೊಂಡರು.

ಜ್ಯೂರಿಯವರು ಆಗಲೇ ಹೊರಟುಹೋಗಿದ್ದರು. ಅವರ ತೀರ್ಪು ಬಲು ಸ್ಪಷ್ಟವಾಗಿತ್ತು: ಚಿತ್ರಗಳು ಸೊಗಸಾಗಿವೆ, ಆದರೆ ರೋಗಿಗಳ ನೋವನ್ನು ಗಣನೀಯವಾಗಿ ಹೆಚ್ಚಿಸುತ್ತವೆ, ಸಮಾಜದ ಹಿತದೃಷ್ಟಿಯಿಂದ ವಿದ್ಯಾರ್ಥಿನಿ ಇನ್ನೊಂದು ವರ್ಷ ಅಭ್ಯಾಸ ಮಾಡುವುದು ಒಳ್ಳೆಯದು. ಗಡ್ಡದ ಮೇಷ್ಟ್ರು ಅವಳ ಹೆಗಲು ತಟ್ಟಿ, ‘ಇಂಪ್ಯಾಕ್ಟ್ ಇತ್ತಮ್ಮ, ಇಲ್ಲ ಅನ್ನಲ್ಲ’ ಎಂದು ನಿಟ್ಟುಸಿರಿಟ್ಟರು. ಆ ದಿನ ಆರನೇ ಮುಖ ಮುಟ್ಟಿದವರಿಗೆಲ್ಲ ಔಷಧಿ ಸಿಕ್ಕಿ, ಇಡೀ ವಾರ್ಡು ಕೊರಡಿನಂತೆ ಬಿದ್ದು ನಿದ್ದೆ ಹೊಡೆಯಿತು. ಸೊಂಟದ ಗೊರಕೆಗೆ ಭುಜದ ಗೊರಕೆ ಶ್ರುತಿ ಹಿಡಿದಿತ್ತು. ಅವರಲ್ಲಿ ಯಾರು ಸುಳ್ಳು ಮುಟ್ಟಿದವರು, ಯಾರು ನಿಜ ಮುಟ್ಟಿದವರು ಅಂತ ಬ್ರಹ್ಮನೂ ಹೇಳಲಾರ.

ಅಪ್ಪನಿಗೆ ಎಚ್ಚರವಾದಾಗ ಪೆನ್ಸಿಲ್ ಪಕ್ಕದಲ್ಲೇ ಇದ್ದಳು. ಅವನು ನಾಲಿಗೆ ಒದ್ದೆ ಮಾಡಿಕೊಂಡು ಕೇಳಿದ ಮೊದಲ ಮಾತು: ‘ಹೇಗಿತ್ತೇ ನನ್ನ ಆ್ಯಕ್ಟಿಂಗು?’

‘ಸೂಪರಪ್ಪ.’

‘ಡಾಕ್ಟ್ರೂ ಮೋಸ ಹೋದ್ರು ನೋಡು. ಪಾಪ, ಸುಮ್ ಸುಮ್ನೆ ಇನ್ನೊಂದ್ಸಲ ಕುಯ್ದ್ರು.’

‘ಹೂಂ, ಪಾಪ.’

‘ಪಾಸ್ ಆದೆ ತಾನೇ?’

ಪೆನ್ಸಿಲ್ ಹೊದಿಕೆ ಸರಿಮಾಡಿದಳು. ‘ಇನ್ನೂ ಒಂದು ವರ್ಷ ನಮ್ಮ ಜೊತೆಗೇ ಇರು ಅಂತ ಹಟ ಹಿಡಿದಿದ್ದಾರೆ ಅಪ್ಪ. ಬಿಟ್ಟುಕೊಡಲ್ವಂತೆ.’

‘ನೋಡಿದ್ಯಾ!’ ಅಪ್ಪನ ಎದೆಯುಬ್ಬಿತು. ಈ ಸುದ್ದಿ ಆ ರೂಟಿನ ಪ್ರಯಾಣಿಕರಿಗೆ ಯಾವ ಸ್ಟಾಪಿನಲ್ಲಿ ಹೇಳುವುದು ಅಂತ ಆಗಲೇ ಲೆಕ್ಕ ಹಾಕುತ್ತಿದ್ದ.

ಅಷ್ಟರಲ್ಲಿ ದೊಡ್ಡ ನರ್ಸು ಬಂದಳು. ಅವಳ ಕೈಯಲ್ಲಿ ಪೆನ್ಸಿಲ್‌ಳದೇ ರಟ್ಟು; ಜ್ಯೂರಿ ಏನೇ ಅನ್ನಲಿ, ಹಳೆಯದನ್ನು ಅವಳು ಎಂದೋ ಕಸಕ್ಕೆ ಹಾಕಿಯಾಗಿತ್ತು. ‘ಈಗ ಹೇಗಿದೆ ಕಂಡಕ್ಟ್ರೇ? ಮುಟ್ಟಿ.’

ಅಪ್ಪ ಕೈಯೆತ್ತಿದ. ಬೆರಳು ಮೊದಲ ಮುಖದ ಕಡೆಗೆ ಒಂದಿಷ್ಟು ಹೋಯಿತು, ಆರನೆಯದರ ಕಡೆಗೆ ಒಂದಿಷ್ಟು ಬಂತು, ಗಾಳಿಯಲ್ಲೇ ನಿಂತಿತು. ಅವನು ಮಗಳ ಕಡೆ ವಾಲಿ, ನರ್ಸಿಗೆ ಕೇಳದ ಹಾಗೆ ಪಿಸುಗುಟ್ಟಿದ: ‘ಈಗ ಯಾವುದು ಬೇಕು ನಿಂಗೆ?’

ಪೆನ್ಸಿಲ್ ಫ್ಲಾಸ್ಕ್ ತೊಳೆದು ತರುತ್ತೇನೆಂದು ಎದ್ದು ಹೊರಗೆ ಹೋಗಿ, ವಾರ್ಡಿನ ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡಳು. ಬಾಗಿಲಿನ ಗಾಜಿನಲ್ಲಿ ಇಣುಕಲೂ ಇಲ್ಲ. ಗೋಡೆಗೆ ಒರಗಿ ನಿಂತು, ಒಳಗೆ ಔಷಧಿ ಬೀರುವಿನ ಬೀಗ ತೆಗೆಯುವ ಸದ್ದು ಕೇಳಿಸುವವರೆಗೂ ಕಾದಳು. ಕೇಳಿಸಿತು. ಆಮೇಲೆ ಫ್ಲಾಸ್ಕ್ ತೊಳೆಯಲು ಹೋದಳು.