ಹೊಟ್ಟೆ ಕೆಟ್ಟವನಿಗೆ ದಾರಿ ಬಿಡಿ

ಹಬ್ಬಕ್ಕೆ ಊರಿಗೆ ಹೊರಟ ಕಾರಿನಲ್ಲಿ ಜಗಳವಾಗದ ಮನೆ ಯಾವುದಾದರೂ ಇದೆಯೇ? ಕೊರಿಯಾದ ಸುಗ್ಗಿ ಹಬ್ಬ ಚುಸೊಕ್‌ಗೆಂದು ಸಿಯೋಲ್‌ನಿಂದ ಮೊಕ್ಪೋಗೆ ಹೊರಟ ಬೊಂಗ್‌ಸಿಕ್‌ನ ಕಾರಿನಲ್ಲಂತೂ ಕೀಲಿ ತಿರುಗಿಸುವ ಮೊದಲೇ ಶುರುವಾಗಿತ್ತು.

ಕಾರಣ, ಮಗಳು ಬೊಮಿ. ಹಿಂದಿನ ವಾರ ಶಿಶುವಿಹಾರದ ಜಾರುಬಂಡೆಯ ಸಾಲಿನಲ್ಲಿ ಯಾರೋ ನಡುವೆ ನುಗ್ಗಿದ್ದಕ್ಕೆ ಈ ಆರು ವರ್ಷದ ಹುಡುಗಿ, "ಲೇ ಕತ್ತೆ, ನಿಂಗೆ ಲೈಸೆನ್ಸ್ ಕೊಟ್ಟೋನು ಯಾವನೋ?" ಎಂದು ಕೇಳಿದ್ದಳು. ಟೀಚರ್ ಮನೆಗೆ ಫೋನ್ ಮಾಡಿದ್ದರು. ಮಾತು ಎಲ್ಲಿಂದ ಕಲಿತಳೆಂದು ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

"ನೋಡ್ರೀ," ಎಂದಳು ಹೆಂಡತಿ ಸುಲ್ಗಿ, ಬೆಲ್ಟ್ ಹಾಕಿಕೊಳ್ಳುತ್ತಾ. "ದಾರೀಲಿ ಒಂದ್ಸಲ ಕೂಗಾಡಿದ್ರೂ ಸಾಕು, ನಾನೂ ಬೊಮೀನೂ ವಾಪಸ್ ರೈಲಲ್ಲೇ ಬರ್ತೀವಿ. ಇನ್ಮೇಲೆ ನೀವು ಓಡಿಸೋ ಕಾರು ಹತ್ತೋದೇ ಇಲ್ಲ."

"ಹಬ್ಬದಲ್ಲಿ ರೈಲ್ ಟಿಕೆಟ್ ಸಿಗುತ್ತಾ?"

"ಆಗ್ಲೇ ತಗೊಂಡಿದೀನಿ. ಎರಡು. ಕ್ಯಾನ್ಸಲ್ ಮಾಡೋದು ಬಿಡೋದು ನಿಮ್ಮ ಕೈಲಿದೆ."

ಬೊಂಗ್‌ಸಿಕ್ ಕಾರು ಶುರು ಮಾಡಿದ. ಹಿಂದಿನ ಸೀಟಿನಲ್ಲಿ ಅವನ ಅಕ್ಕ ಮಲ್‌ಸುನ್ ಕಿಸಕ್ಕನೆ ನಕ್ಕಳು. ಇಪ್ಪತ್ತಾರು ವರ್ಷ ಟೌನ್ ಬಸ್ ಓಡಿಸಿ ನಿವೃತ್ತಳಾದ ಹೆಂಗಸು. ಅವಳಿಗೆ ಬಿಪಿ ಇಲ್ಲ. ಆಫೀಸಿನ ಕುರ್ಚಿಯಲ್ಲಿ ಕೂರುವ ತಮ್ಮನಿಗೆ ಇದೆ.

ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತಿದ್ದವು. ಮುಂದೊಂದು ಕಾರು ಹತ್ತು ಮಾರಿಗೊಮ್ಮೆ ಬ್ರೇಕ್ ಹಾಕುತ್ತಿತ್ತು. ಬೊಂಗ್‌ಸಿಕ್‌ನ ಕಿವಿ ಕೆಂಪಾಗತೊಡಗಿತು.

"ಬೊಮಿ, ಆ ಕಾರಲ್ಲಿ ಏನ್ ನಡೀತಿದೆ ಗೊತ್ತಾ?" ಎಂದಳು ಮಲ್‌ಸುನ್. "ಹಿಂದಿನ ಸೀಟಲ್ಲಿ ಅಜ್ಜಿ ಕೆಂಪು ಖಾರದ ಕಿಮ್ಚಿ ಉಪ್ಪಿನಕಾಯಿ ಡಬ್ಬ ಹಿಡ್ಕೊಂಡಿದಾಳೆ. ಮುಚ್ಚಳ ಸಡಿಲ. ಜೋರಾಗಿ ಹೋದ್ರೆ ಸೊಸೆಯ ಬಿಳಿ ಕೋಟಿಗೆ ಓಕುಳಿ!"

ಬೊಮಿ ಕೇಕೆ ಹಾಕಿದಳು. ಅಷ್ಟರಲ್ಲಿ ಕರೀ ಕಾರೊಂದು ಎಡಕ್ಕೂ ಬಲಕ್ಕೂ ನುಗ್ಗುತ್ತಾ ಮುಂದೆ ಹೋಯಿತು. "ಅತ್ತೆ, ಅವನಿಗೆ ಅವರಮ್ಮ ಫೋನ್ ಮಾಡಿದಾಳೆ. ನೀನು ಬರೋವರ್ಗೂ ಯಾರಿಗೂ ಊಟ ಬಡಿಸಲ್ಲ ಅಂತ!" ಎಂದಳು ಬೊಮಿ.

"ಹೀಗೆ ಕತೆ ಕಟ್ಟಿದ್ರೆ ಅವನು ಸರಿಹೋಗ್ತಾನೇನಕ್ಕಾ?" ಎಂದು ಬೊಂಗ್‌ಸಿಕ್ ಗೊಣಗಿದ.

"ಅವನು ಸರಿಹೋಗಲ್ಲ ಕಣೋ. ನಿನ್ನ ಬಲಗಾಲು ಸರಿಹೋಗುತ್ತೆ. ಸಿಟ್ಟು ಬಂದ್ರೆ ಅದು ಆಕ್ಸಿಲರೇಟರ್ ತುಳಿಯುತ್ತೆ. ನಗ್ತಾ ಇರೋನು ಮುಂದಿನ ಗಾಡಿಗೆ ಜಾಗ ಬಿಟ್ಟು ಓಡಿಸ್ತಾನೆ. ನಾನು ಇಪ್ಪತ್ತಾರು ವರ್ಷ ಸುಮ್ನೆ ನಕ್ಕಿಲ್ಲ."

ಬೊಂಗ್‌ಸಿಕ್‌ಗೆ ಇದು ಹಿಡಿಸಲಿಲ್ಲ. ರಸ್ತೆ ಸ್ವಲ್ಪ ಬಿಡುವಾಗುತ್ತಲೇ ಎಲೆಕೋಸು ತುಂಬಿದ ನೀಲಿ ಟ್ರಕ್ಕೊಂದು ಮುಂದೆ ಸಿಕ್ಕಿತು, ನಿಧಾನವೆಂದರೆ ನಿಧಾನ. ಅವನು ಅದರ ಬಾಲಕ್ಕೇ ಅಂಟಿಕೊಂಡ. ಲೈಟು ಹೊಡೆದ. ಬಾಯಿ ತುಂಬ ಬೈಗುಳ ಬಂತು. ಆದರೆ ಟಿಕೆಟ್ ನೆನಪಾಯಿತು! ಸದ್ದಿಲ್ಲದೆ ಬರೀ ಬಾಯಿ ಅಗಲಿಸಿ, ಮುಖ ಕಿವುಚಿ, ಸೀಟಿನಲ್ಲೇ ಹೊಯ್ದಾಡಿದ. ಸ್ವಲ್ಪ ಹೊತ್ತಿಗೆ ಟ್ರಕ್ಕು ಪಕ್ಕಕ್ಕೆ ಸರಿದು, ನಾಲ್ಕೂ ಇಂಡಿಕೇಟರ್ ಮೂರು ಸಲ ಮಿನುಗಿಸಿ ಕ್ಷಮೆ ಕೇಳಿತು.

"ನಾನು ಕೂಗಲಿಲ್ಲ," ಎಂದ ಬೊಂಗ್‌ಸಿಕ್.

"ಅವರು ಬ್ರೇಕ್ ಒತ್ತಿದ್ರೆ ನಾವೆಲ್ಲ ಎಲೆಕೋಸಿನ ಜೊತೆ ಮಲಗಿರ್ತಿದ್ವಿ," ಎಂದಳು ಸುಲ್ಗಿ. ಟಿಕೆಟ್ ಇನ್ನು ಕ್ಯಾನ್ಸಲ್ ಆಗುವುದಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

ಹೆದ್ದಾರಿ ಬದಿಯ ತಂಗುದಾಣದಲ್ಲಿ ಬಿಸಿಬಿಸಿ ಅಕ್ರೋಟು ಕಜ್ಜಾಯಕ್ಕೆ ಸಾಲಿನಲ್ಲಿ ನಿಂತಿದ್ದಾಗ, ಮುದುಕಿಯೊಬ್ಬಳು ಬಾಟಲಿ ಹಿಡಿದು ಏದುಸಿರು ಬಿಡುತ್ತಾ ಬಂದಳು.

"ಬೂದು ಕಾರಿನೋನು ನೀನೇ ಅಲ್ವೇನಪ್ಪಾ? ಹೊಟ್ಟೆ ಹೇಗಿದೆ ಈಗ?"

"ಹೊಟ್ಟೇನಾ?"

"ನಮ್ಮ ಎಲೆಕೋಸಿನ ಟ್ರಕ್ಕಿನ ಕನ್ನಡೀಲಿ ನೋಡಿದ್ವಿ. ಪಾಪ, ಬಾಯಿ ತೆಗೀತೀಯ, ಸ್ವರಾನೇ ಇಲ್ಲ. ಎಷ್ಟು ನೋವಿರಬೇಕು! ನಮ್ಮ ಯಜಮಾನ್ರು ಅಂದ್ರು, ಪಾಪ ಕಣೇ, ಕಕ್ಕಸಿಗೆ ಅವಸರ, ದಾರಿ ಬಿಡೋಣ ಅಂತ. ಪಕ್ಕದಲ್ಲಿ ಜಾಗ ಇರ್ಲಿಲ್ಲಪ್ಪ, ತಡ ಆಯ್ತು, ಬೇಜಾರ್ ಮಾಡ್ಕೋಬೇಡ. ತಗೋ, ನಾನೇ ಮಾಡಿದ ಪ್ಲಮ್ ಕಾಯಿ ಪಾನಕ. ಹೊಟ್ಟೆ ಚೊಕ್ಕ ಮಾಡುತ್ತೆ, ಪೂರ್ತಿ ಕುಡಿ."

ಸುಲ್ಗಿ ತುಟಿ ಕಚ್ಚಿಕೊಂಡಳು. ಮಲ್‌ಸುನ್ ಆಕಾಶ ನೋಡಿದಳು. ಬೊಂಗ್‌ಸಿಕ್ ಮುದುಕಿಯ ಕಣ್ಣೆದುರೇ ಇಡೀ ಬಾಟಲಿ ಕುಡಿದು ಮುಗಿಸಿದ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ತಾನು ಶಾಪ ಹಾಕುತ್ತಿದ್ದಷ್ಟು ಹೊತ್ತೂ ಈ ಜನ ತನಗಾಗಿ ಮರುಗುತ್ತಿದ್ದರು.

"ಅಜ್ಜಿ, ತಪ್ಪು ನಂದೇ," ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದ.

ಮತ್ತೆ ರಸ್ತೆಗಿಳಿದು ಐದು ನಿಮಿಷವಾಗಿರಲಿಲ್ಲ, ಕೆಂಪು ಕಾರೊಂದು ಅಡ್ಡ ನುಗ್ಗಿತು. ಹೆಂಡತಿ, ಮಗಳು, ಅಕ್ಕ ಮೂವರೂ ಅವನತ್ತ ತಿರುಗಿದರು. ಬೊಂಗ್‌ಸಿಕ್ ಕಾಲು ಸಡಿಲಿಸಿ ಧಾರಾಳವಾಗಿ ಜಾಗ ಬಿಟ್ಟ.

"ಪಾಪ, ಹೊಟ್ಟೆ ಕೆಟ್ಟಿರ್ಬೇಕು," ಎಂದ.

ಇಡೀ ಕಾರು ಬಿದ್ದು ಬಿದ್ದು ನಕ್ಕಿತು. ಕೆಂಪು ಕಾರು ಇಂಡಿಕೇಟರ್ ಮಿನುಗಿಸಿ ಥ್ಯಾಂಕ್ಸ್ ಹೇಳಿತು. ಸುಲ್ಗಿ ಕಣ್ಣೊರೆಸಿಕೊಂಡು ಫೋನ್ ತೆಗೆದಳು. "ಈ ಎರಡು ಟಿಕೆಟ್ ಬೇರೆ ಯಾರಿಗಾದ್ರೂ ಸಿಗ್ಲಿ."

ಆಗ ಬೊಂಗ್‌ಸಿಕ್‌ನ ಮುಖ ಮೆಲ್ಲಗೆ ಕಿವುಚಿಕೊಂಡಿತು.

"ಅಕ್ಕ, ಮುಂದಿನ ತಂಗುದಾಣ ಎಷ್ಟು ದೂರ?"

"ಇಪ್ಪತ್ತು ಕಿಲೋಮೀಟರ್. ಯಾಕೋ?"

"ಪಾನಕ... ಕೆಲಸ ಶುರು ಮಾಡಿದೆ."

ದಾರಿಯಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಗಾಡಿಯಿಂದ ಅಂತರ ಇಟ್ಟುಕೊಳ್ಳಿ. ಸಿಟ್ಟು ಬಂದರೆ ಒಂದು ಕತೆ ಕಟ್ಟಿ ನಕ್ಕುಬಿಡಿ, ಹಿಂದೆ ಕೂತ ಮಕ್ಕಳು ನಿಮ್ಮ ಮಾತು ಕಲಿಯುತ್ತಿದ್ದಾರೆ. ಮತ್ತು ಹಿಂದಿನಿಂದ ಯಾರಾದರೂ ಅವಸರದಲ್ಲಿ ಬಂದರೆ, ದಯವಿಟ್ಟು ದಾರಿ ಬಿಡಿ. ಅವನು ನಮ್ಮ ಬೊಂಗ್‌ಸಿಕ್ ಆಗಿದ್ದರೂ ಆಗಿರಬಹುದು!