ಕಣ್ಣು ಮುಚ್ಚಿ ಆಡುವ ಜಗಳ

ಆ ಮನೆಯಲ್ಲಿ ಅತ್ತೆ ಸೊಸೆ ಎದುರುಬದುರು ನಿಂತು ಜಗಳವಾಡಿದ್ದೇ ಇಲ್ಲ. ಅಷ್ಟೊಂದು ಮರ್ಯಾದೆಗೆಟ್ಟವರಲ್ಲ ಅವರು. ಜಗಳವೆಲ್ಲ ದೇವರ ಮೂಲಕವೇ ನಡೆಯುತ್ತಿತ್ತು. ದಿನಾ ಸಂಜೆ ಊಟಕ್ಕೆ ಮುಂಚೆ ಅತ್ತೆ, ಮಗ, ಸೊಸೆ ಮೂವರೂ ಮೇಜಿನ ಸುತ್ತ ಕೂತು ಕಣ್ಣು ಮುಚ್ಚಿದರೆ, ಅತ್ತೆ ಶುರುಹಚ್ಚಿಕೊಳ್ಳುತ್ತಿದ್ದರು.

"ಕರ್ತನೇ, ಒದ್ದೆ ಟವೆಲನ್ನ ಹಾಸಿಗೆ ಮೇಲೆ ಬಿಸಾಡೋರು ಈ ಮನೇಲಿ ಒಬ್ಬರಿದ್ದಾರೆ. ಯಾರು ಅಂತ ನಾನು ಹೇಳಲ್ಲ, ನಿನಗೆ ಗೊತ್ತಿಲ್ಲದ್ದು ಏನಿದೆ? ಅವರಿಗೆ ಒಳ್ಳೇ ಬುದ್ಧಿ ಕೊಡು."

ಅತ್ತೆ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗಿ ಕೂಗಿ ನಿವೃತ್ತರಾದವರು. ಪ್ರಾರ್ಥನೆಯಲ್ಲೂ ಅದೇ ಧಾಟಿ. ಆ ಕಂಠ ಕೇಳಿದರೆ ದೇವರೂ ಗಡಬಡಿಸಿ ಎದ್ದು ಚೀಲ ಎತ್ತಿಕೊಳ್ಳಬೇಕು.

ಸೊಸೆಯೇನು ಕಡಿಮೆಯೇ? ವಾಹನಗಳ ಸೀಟಿಗೆ ಕವರ್ ಹೊಲಿಯುವವಳು, ಚುಚ್ಚುವುದೇ ಅವಳ ಕಸುಬು. ತನ್ನ ಸರದಿ ಬಂದಾಗ ಜೇನಿನಂಥ ದನಿ ತೆಗೆಯುತ್ತಿದ್ದಳು. "ಸ್ವಾಮಿ, ಬಿಸಿನೀರೆಲ್ಲ ಒಬ್ಬರೇ ಸುರ್ಕೊಂಡು ಉಳಿದವರನ್ನ ನಡುಗಿಸೋರನ್ನ ಕ್ಷಮಿಸು. ಪಾಪ, ವಯಸ್ಸಾಗಿದೆ."

ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ, ಆಮೆನ್ ಆದ ಮೇಲೆ ಆ ಮಾತು ಎತ್ತುವಂತಿಲ್ಲ. ಅದು ಮನೆಯ ನಿಯಮ. ಮಗ ಲಿಫ್ಟ್ ರಿಪೇರಿಯವನು, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ ಪಾಡು ಬಲ್ಲವನು. ಇಬ್ಬರಿಗೂ ಒಂದೇ ಅಳತೆಯ ಆಮೆನ್ ಹೇಳಿ ತಟ್ಟೆಗೆ ಕೈ ಹಾಕುತ್ತಿದ್ದ.

ಹೀಗಿರುವಾಗ ಅತ್ತೆಯ ಗಂಟಲು ಕಟ್ಟಿತು. ಕಟ್ಟಿದ್ದು ಬಿಡಲೇ ಇಲ್ಲ. ಡಾಕ್ಟರು ಒಳಗೊಂದು ಗಂಟು ಕಂಡು, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಮಾತು ಬೇಡ, ಪಿಸುಮಾತಂತೂ ಬೇಡವೇ ಬೇಡ ಎಂದರು.

ಆ ಸಂಜೆ ಪ್ರಾರ್ಥನೆ ಮಾಡುವವರು ಯಾರು? ಮಗ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚಮಚದಿಂದ ಮೇಜು ಕುಟ್ಟಿ, ಬೇಡವೆಂದು ತಲೆಯಾಡಿಸಿ, ಸೊಸೆಯತ್ತ ಬೆರಳು ಮಾಡಿದರು. ತಾನು ಸನ್ನೆ ಮಾಡುತ್ತೇನೆ, ನೀನು ದೇವರಿಗೆ ಹೇಳು ಎಂದು ಅದರ ಅರ್ಥ.

ಸೊಸೆಗೆ ಸ್ವರ್ಗಕ್ಕೆ ಮೂರೇ ಗೇಣು. ಅತ್ತೆ ಟವೆಲ್ ತೋರಿಸಿದರೆ, "ಕರ್ತನೇ, ಟವೆಲು ಎಲ್ಲಿದ್ದರೂ ಪರವಾಗಿಲ್ಲ ಅಂತಿದ್ದಾರೆ ಅತ್ತೆ" ಎಂದಳು. ಅತ್ತೆ ಅವಳತ್ತ ಬೆರಳು ಚಾಚಿ ಹಣೆ ಚಚ್ಚಿಕೊಂಡರೆ, "ಇಂಥ ಸೊಸೆ ಸಿಕ್ಕಿದ್ದು ನನ್ನ ಹಣೆಬರಹ ಚೆನ್ನಾಗಿದ್ದಕ್ಕೆ ಅಂತಿದ್ದಾರೆ, ಸ್ವಾಮಿ" ಎಂದಳು. ಮಗ ನಗು ತಡೆಯಲಾರದೆ ಕೆಮ್ಮಿದ. ಅತ್ತೆ ಅವನ ಬೆನ್ನಿಗೊಂದು ಬಿಟ್ಟರು.

ಕೆಲವು ದಿನ ಇದು ಮಜವಾಗಿತ್ತು. ಆಮೇಲೆ ಸಪ್ಪೆಯಾಯಿತು. ತಿರುಗಿ ಕೊಡುವವರಿಲ್ಲದೆ ಕುಟುಕಿ ಏನು ಸುಖ? ಮಾತು ಹುಡುಕುತ್ತ ಕೂತವಳಿಗೆ ಒಂದು ಸಂಜೆ ಥಟ್ಟನೆ ಹೊಳೆಯಿತು: ಮದುವೆಯಾಗಿ ಬಂದಾಗಿನಿಂದ ದಿನಾ ಪ್ರಾರ್ಥಿಸಿದ್ದಾಳೆ, ದೇವರಿಗೆಂದು ಒಂದು ಮಾತೂ ಹೇಳಿಲ್ಲ. ಎಲ್ಲ ಅತ್ತೆಗೆ ಹೇಳಿದ್ದು. ದೇವರು ಪಾಪ, ಇಬ್ಬರ ಟಪಾಲು ಹೊತ್ತು ತಿರುಗಿದ್ದಷ್ಟೇ. ಅವಳಿಗೆ ನಾಚಿಕೆಯಾಯಿತು.

ಮರುದಿನ ಅಂಗಡಿಯಲ್ಲಿ ವ್ಯಾನಿನ ಸೀಟ್ ಕವರೊಂದನ್ನು ಹೊಲಿಗೆಯಂತ್ರಕ್ಕೆ ಕೊಟ್ಟು, ಯಾರೂ ಇಲ್ಲದ್ದು ನೋಡಿ, "ಕರ್ತನೇ" ಎಂದಳು. ಮುಂದಕ್ಕೆ ಮಾತು ಹೊರಡಲಿಲ್ಲ. ಯಾರಿಗೂ ಚುಚ್ಚದ ಪ್ರಾರ್ಥನೆ ಹೇಗಿರುತ್ತದೋ ಅವಳಿಗೆ ಗೊತ್ತಿದ್ದರೆ ತಾನೆ! ಕೊನೆಗೆ, "ದಾರ ಕಿತ್ತುಹೋಯ್ತು" ಎಂದಳು. ಕಿತ್ತುಹೋಗಿದ್ದು ನಿಜವೇ. ವಿಶ್ವವನ್ನೆಲ್ಲ ಸೃಷ್ಟಿಸಿದವನಿಗೆ ಒಪ್ಪಿಸುವ ವರದಿಯೇ ಇದು ಎಂದು ತನಗೇ ನಗು ಬಂತು. ಆದರೂ ಬಿಡಲಿಲ್ಲ. ದಿನಾ ಬೆಳಗ್ಗೆ ಯಂತ್ರದ ಮುಂದೆ ಕೂತು ಹೀಗೇ ಏನಾದರೊಂದು ಒದರುತ್ತಿದ್ದಳು. ಗಿರಾಕಿಗೆ ಯಾವ ಬಣ್ಣ ಬೇಕೋ ತಿಳಿಯದು, ಸೊಂಟ ಹಿಡಿದಿದೆ, ಗಂಡ ಗೊರಕೆ ಹೊಡೆಯುತ್ತಾನೆ. ಒಂದು ದಿನ ಅದೇ ಸಾಲಿನಲ್ಲಿ, ತಾನು ನೆನೆಸದೆಯೇ, "ಹೆದರಿಕೆ ಆಗ್ತಿದೆ ಕಣಪ್ಪಾ, ಅತ್ತೆ ಸತ್ತುಹೋದ್ರೆ?" ಎಂದುಬಿಟ್ಟಳು. ಅಂದವಳೇ ರೆಕ್ಸಿನ್ ಮೇಲೆ ತಲೆಯಿಟ್ಟು ಅತ್ತಳು. ಆ ಹೊತ್ತು ಪಕ್ಕದಲ್ಲಿ ಯಾರೋ ಸುಮ್ಮನೆ ಕೂತು ಕೇಳಿಸಿಕೊಂಡಂತೆ ಅನಿಸಿತು.

ಫಲಿತಾಂಶದ ಹಿಂದಿನ ಸಂಜೆ ಅತ್ತೆ ಚಮಚ ಮುಟ್ಟಲಿಲ್ಲ. ಟವೆಲನ್ನೂ ತೋರಿಸಲಿಲ್ಲ. ಕೈಯನ್ನು ತಮ್ಮ ಗಂಟಲ ಮೇಲಿಟ್ಟು, ಆಮೇಲೆ ಎರಡೂ ಅಂಗೈ ಬಿಡಿಸಿ ಮೇಲಕ್ಕೆತ್ತಿದರು. ನಿನ್ನ ಚಿತ್ತ, ಕರೆದುಕೊಳ್ಳುವುದಾದರೆ ಕರೆದುಕೋ ಎಂದು ದೇವರಿಗೆ. ಸೊಸೆಗೆ ಚೆನ್ನಾಗಿಯೇ ಅರ್ಥವಾಯಿತು. ಸಿಟ್ಟು ನೆತ್ತಿಗೇರಿತು.

"ಕರ್ತನೇ," ಎಂದಳು. "ಅತ್ತೆ ಎಲ್ಲಾ ನಿನ್ನ ಇಷ್ಟಕ್ಕೆ ಬಿಟ್ಟಿದ್ದೀನಿ ಅಂತಿದ್ದಾರೆ. ನಾನು ಬಿಟ್ಟಿಲ್ಲ. ನಿನಗೇನು ಅಲ್ಲಿ ಜನ ಕಮ್ಮಿನಾ? ದೇವದೂತರ ದಂಡೇ ಇದೆ, ಹಾಡೋಕೆ, ಕೂಗೋಕೆ. ನಮಗಿರೋದು ಇವರೊಬ್ಬರೇ. ಇವರು ಬೈದೇ ಇದ್ದರೆ ನಂಗೆ ಅನ್ನ ಇಳಿಯಲ್ಲ. ಇವರನ್ನ ಮುಟ್ಟಬೇಡ. ಮುಟ್ಟಿದೆ ಅಂದ್ರೆ ನಾಡಿದ್ದಿನಿಂದ..." ದೇವರನ್ನು ಏನೆಂದು ಹೆದರಿಸುವುದೋ ತಿಳಿಯಲಿಲ್ಲ.

ಮೇಜಿನ ಮೇಲಿದ್ದ ಅವಳ ಕೈಯನ್ನು ಒಣಗಿದ ಕೈಯೊಂದು ಹಿಡಿದುಕೊಂಡಿತು. ಕಣ್ಣು ತೆರೆದರೆ ಅತ್ತೆ ನೇರ ಅವಳನ್ನೇ ನೋಡುತ್ತಿದ್ದರು.

"ನಂಗೂ ಹೆದರಿಕೆ ಕಣೇ," ಎಂದರು ಅತ್ತೆ. ಊರಿನ ಬಸ್ಸುಗಳನ್ನೆಲ್ಲ ಎಬ್ಬಿಸಿ ಕಳಿಸಿದ ಕಂಠ ಕಾಗದ ಹರಿದಂತೆ ಕೇಳಿಸಿತು. "ನಾಳೆ ನೀನು ಬಾ ನನ್ನ ಜೊತೆ. ಅವನು ಬೇಡ."

ಮಗ ಕಣ್ಣು ಮುಚ್ಚಿಕೊಂಡೇ ಆಮೆನ್‌ಗಾಗಿ ಕಾಯುತ್ತಿದ್ದ. ಅವನ ಗೊಡವೆ ಇಬ್ಬರಿಗೂ ಇರಲಿಲ್ಲ.

"ಬರ್ತೀನಿ ಅತ್ತೆ," ಎಂದಳು ಸೊಸೆ, ಮೂಗೊರೆಸಿಕೊಳ್ಳುತ್ತ. "ಈಗ ಬಾಯಿ ಮುಚ್ಕೊಂಡಿರಿ."

ಈ ಮಾತನ್ನು ಅತ್ತೆಯ ಮುಖಕ್ಕೇ ಹೇಳಬೇಕೆಂದು ಅವಳು ವರ್ಷಗಟ್ಟಲೆ ಕಾದಿದ್ದಳು. ಹೇಳಿ, ಅವರ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.