ಮಗ್ಗದ ಕುಣಿಯ ಜಂಗಮರು

1978ನೇ ಇಸವಿ ಆಗಸ್ಟ್ 12, ಶನಿವಾರ, ಬೆಳಗಿನ ಐದೂ ಮುಕ್ಕಾಲು. ಇಳಕಲ್ಲಿನ ನೇಕಾರ ಅಂದಾನಪ್ಪ ನೇಯಲು ಕೂತು ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿದವನು ಇಳಿಸಿದಷ್ಟೇ ವೇಗದಲ್ಲಿ ಮೇಲೆತ್ತಿಕೊಂಡ. ಅಂಗಾಲಿಗೆ ತಣ್ಣನೆಯದೇನೋ ಅಂಟಿತ್ತು. ಲಾಟೀನು ಬಗ್ಗಿಸಿ ನೋಡಿದರೆ ಬೆರಳುದ್ದದ ಸಿಂಬಳದ ಹುಳು. ಚಿಪ್ಪಿಲ್ಲ, ಕಾಲಿಲ್ಲ, ಅವಸರವಂತೂ ಮೊದಲೇ ಇಲ್ಲ. ಕುಣಿಯ ಗೋಡೆಗುಂಟ ಅದರ ಬಂಧುಬಳಗವೆಲ್ಲ ಬೀಡುಬಿಟ್ಟಿತ್ತು.

ಇದ್ದರೆ ಇರಲಿ ಎನ್ನಬಹುದಿತ್ತು. ಆದರೆ ಅವು ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳ ಮೇಲೆಲ್ಲ ಅಡ್ಡಾಡಿದ್ದವು. ಹತ್ತಿಯ ಎಳೆಗಳಿಗೆ ಸವರಿದ್ದ ಗಂಜಿಯನ್ನು ನೆಕ್ಕಿ, ನೆಕ್ಕಿದಲ್ಲೆಲ್ಲ ಲೋಳೆ ಬಿಟ್ಟು ಹೋಗಿದ್ದವು. ಗಂಜಿ ಹೋದ ಎಳೆ ಬಿರುಸು ಕಳೆದುಕೊಂಡಿತ್ತು. ಲೋಳೆ ಹತ್ತಿದ ಎಳೆ ಪಕ್ಕದ್ದಕ್ಕೆ ಅಂಟಿಕೊಂಡಿತ್ತು. ಲಾಳಿ ಒಮ್ಮೆ ಹೋಗಿ ಬರುವುದರೊಳಗೆ ಎಳೆಗಳು ಪಟಪಟನೆ ಹರಿದವು.

ಅದು ಮಾರುವ ಸೀರೆಯಾಗಿರಲಿಲ್ಲ. ಮುಂದಿನ ಶುಕ್ರವಾರ ಹುನಗುಂದದಲ್ಲಿ ಮಗಳ ಕುಬಸ. ಬಸುರಿ ಮಗಳಿಗೆ ತವರಿನ ಹಸಿರು ಸೀರೆ ಉಡಿಸಬೇಕು. ಮಗ್ಗದ ಮೇಲಿದ್ದದ್ದು ಅದೇ, ಅದೂ ಅರ್ಧ. ಬೀಗಿತ್ತಿ ರಾಚವ್ವನ ಬಾಯಿ ಎಂಥದೆಂದರೆ, “ನೇಕಾರ ಬೀಗರು ಅಂಗಡಿ ಸೀರಿ ತಂದ್ರು” ಎಂಬ ಒಂದು ಮಾತು ಸಿಕ್ಕರೆ ಸಾಕು, ಹುಟ್ಟಲಿರುವ ಕೂಸಿನ ಮದುವೆಯವರೆಗೂ ಅದನ್ನೇ ಅಗಿಯುವವಳು.

ನೂಲಿಗೆ ಬಣ್ಣ ಹಾಕುವ ಪಕ್ಕದ ಮನೆಯ ಹುಸೇನಪೀರ ಬಂದು ಕುಣಿಯೊಳಗೆ ಇಣುಕಿದ. “ಉಪ್ಪು ಹಾಕೋ ಅಂದಾನಿ. ನೀರಾಗಿ ಹೋಗ್ತಾವ.”

ಅಂದಾನಪ್ಪ ಹರಳುಪ್ಪನ್ನು ಮುಷ್ಟಿಯಲ್ಲಿ ಹಿಡಿದು ಬರುವಷ್ಟರಲ್ಲಿ, ಪಡಸಾಲೆಯಲ್ಲಿ ಲಿಂಗಪೂಜೆಗೆ ಕುಳಿತಿದ್ದ ಅವನ ತಾಯಿ ಗುರುಲಿಂಗವ್ವ ಕಣ್ಣು ತೆರೆದಳು.

“ಕೈಯಾಗ ಏನೋ ಅದು?”

“ಉಪ್ಪು, ಯವ್ವಾ. ಹುಳಕ್ಕ.”

“ಬಸವಣ್ಣನ ಹುಳಕ್ಕ ಉಪ್ಪು ಹಾಕ್ತಿ? ಅದೂ ಶ್ರಾವಣದಾಗ? ನಾ ಹಡದಿದ್ದು ಮಗನ್ನೋ, ಹುಲೀನೋ?”

“ಬಸವನಹುಳಕ್ಕ ಚಿಪ್ಪ ಇರ್ತೈತಿ, ಯವ್ವಾ. ಇದಕ್ಕೆಲ್ಲೈತಿ? ಇದು ಬರೇ ಸಿಂಬಳ.”

ಮುದುಕಿ ಅಂಗೈಯ ಲಿಂಗವನ್ನು ನೋಡುತ್ತ ಕೊಂಚ ಹೊತ್ತು ಯೋಚಿಸಿದಳು. ಅಂದಾನಪ್ಪ ಗೆದ್ದೆನೆಂದುಕೊಂಡ.

“ಚಿಪ್ಪ ಅಂದ್ರ ಏನು? ಮನಿ. ಮನಿ ಇದ್ದಾವ ಸಂಸಾರಿ. ಮನೀನ ಇಲ್ಲದ ಅಡ್ಡಾಡಾವ ಯಾರು?”

ಉತ್ತರ ಗೊತ್ತಿದ್ದ ಅಂದಾನಪ್ಪ ತುಟಿ ಬಿಗಿಹಿಡಿದ. ಹುಸೇನಪೀರನಿಗೆ ಅಷ್ಟು ಜಾಣತನ ಹೊಳೆಯಲಿಲ್ಲ. “ಜಂಗಮ,” ಎಂದುಬಿಟ್ಟ.

“ನೋಡು, ಹುಸೇನಗ ತಿಳೀತು, ನಿನಗ ತಿಳೀಲಿಲ್ಲ!”

“ಏ ದೊಡ್ಡವ್ವಾ, ನಾ ಉಪ್ಪಿನ ಕಡಿ ಇದ್ನಿ!” ಎಂದು ಹುಸೇನಪೀರ ಹಣೆ ಚಚ್ಚಿಕೊಂಡರೂ ತೀರ್ಪು ಆಗಿಹೋಗಿತ್ತು.

ಮನೆಗೆ ಬಂದ ಜಂಗಮರನ್ನು ಓಡಿಸಲಾದೀತೆ? ಉಣ್ಣಿಸಬೇಕು. ಅಂದು ಸಂಜೆ ಗುರುಲಿಂಗವ್ವ ಕುಣಿಯ ಅಂಚಿಗೆ ಹುಳಿ ಅಂಬಲಿಯ ಬಟ್ಟಲಿಟ್ಟು ಕೈಮುಗಿದಳು. ಪ್ರಸಾದದ ಸುದ್ದಿ ಹಿತ್ತಲಿಗೂ ಮುಟ್ಟಿರಬೇಕು. ಮರುದಿನ ನೋಡಿದರೆ ಬಳಗ ಹಿಗ್ಗಿತ್ತು. ಬಟ್ಟಲು ಬರಿದು, ಹಾಸಿನ ಮೇಲೆ ಹೊಸ ಮೆರವಣಿಗೆಯ ಗುರುತು. ಅಂದಾನಪ್ಪ ಭಾನುವಾರವೆಲ್ಲ ಹರಿದ ಎಳೆ ಹೊಸೆಯುತ್ತ ಕಳೆದ. ಸಂಜೆ ತಡೆಯಲಾರದೆ ಪೇಟೆಗೆ ಹೋಗಿ, ಅಂಗಡಿಯೊಂದರಲ್ಲಿ ತೂಗುಬಿಟ್ಟ ಹಸಿರು ಸೀರೆಯನ್ನು ದೂರದಿಂದಲೇ ನೋಡಿದ. ಒಳಗಿದ್ದವ “ಏನ್ರಿ ಅಂದಾನಪ್ಪಾರ, ನೀವೂ ಗಿರಾಕಿ ಆದ್ರ್ಯಾ?” ಎಂದು ಕೂಗಿದ್ದೇ ತಡ, ಕಳ್ಳನ ಹಾಗೆ ಮನೆಗೆ ಬಂದ.

ಅವನ ಮುಖ ನೋಡಿದ ಹೆಂಡತಿ ಸಿದ್ದವ್ವ ಮೆಲ್ಲಗೆ ಅಂದಳು: “ಉಪ್ಪಿನ ಗಡಗಿ ಕಡಿ ನೋಡಬ್ಯಾಡ್ರಿ. ಅತ್ತಿ ಮಾತು ಮೀರೂದು ಬ್ಯಾಡ. ಅವರ ಭಕ್ತಿಗಿಂತ ನಾವು ಒಂದ ಹೆಜ್ಜಿ ಮುಂದ ಹೋಗೂಣು.”

ಸೋಮವಾರ ಪೂಜೆ ಮುಗಿಯುವುದನ್ನೇ ಕಾದು ಅವಳು ಅತ್ತೆಯ ಎದುರು ಕುಳಿತಳು.

“ಅತ್ತೀ, ನಮ್ಮ ಮನ್ಯಾಗ ಒಂದು ತಪ್ಪಾಗಾಕತ್ತೈತ್ರಿ.”

“ಏನವಾ ಅದು?”

“ಜಂಗಮರಿಗೆ ಅಂಬಲಿ ಕೊಟ್ಟೀವಿ, ವಿಭೂತಿ ಕೊಟ್ಟಿಲ್ಲ. ಹಣಿ ಖಾಲಿ ಇಟ್ಟು ಉಣ್ಣಾಕ ಹಾಕಿದ್ರ ಯಾವ ಮಠದಾಗ ಒಪ್ಪತಾರ್ರಿ?”

ಗುರುಲಿಂಗವ್ವ ಗಲ್ಲ ಬಡಿದುಕೊಂಡಳು. ತನ್ನ ವಿಭೂತಿ ಗಟ್ಟಿಯನ್ನು ನೋಡಿದಳು, ಕುಣಿಯನ್ನು ನೋಡಿದಳು. “ಇಷ್ಟು ಮಂದಿಗೆ ಇದು ಎಲ್ಲಿ ಸಾಲತೈತೇ?”

“ಆಕಳ ಕುಳ್ಳಿನ ಬೂದಿ ಅರಿವ್ಯಾಗ ಸೋಸಿ ಇಟ್ಟೇನ್ರಿ. ಕೇರೂ ಮರದ ತುಂಬ ಐತಿ. ನೀವು ಮುಟ್ಟಿದ್ರ ವಿಭೂತಿ. ಕುಣಿ ಸುತ್ತ ಎಳದ್ರ, ಒಳಗ ಬರೂವಾಗ ತಾವ ಹಚ್ಚಿಕೊಂತಾರ.”

ಅಂದಾನಪ್ಪ ಹೆಂಡತಿಯತ್ತ ನೋಡಿದ. ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ನೆಲ ನೋಡುತ್ತಿದ್ದಳು. ಹಿತ್ತಲಿನ ಬದನೆ ಗಿಡಗಳ ಬುಡಕ್ಕೆ ಇವಳು ಬೂದಿ ಸುರಿಯುವುದು ಅವನಿಗೆ ಥಟ್ಟನೆ ನೆನಪಾಯಿತು. ಬದನೆಗೆ ಹುಳು ಹತ್ತಿದ್ದನ್ನು ಅವನು ಕಂಡಿರಲಿಲ್ಲ. ನಗು ಬಂತು; ಕೆಮ್ಮಿದ.

ಮೊದಲು ಕುಣಿಯೊಳಗಿದ್ದವರನ್ನು ಪತ್ರಾವಳಿಯ ಮೇಲೆ ಕೂಡಿಸಿ, “ಬರ್ರಿ ಅಪ್ಪಗೋಳ, ಸಾವಕಾಶ,” ಎನ್ನುತ್ತ ಮುದುಕಿಯೇ ಹಿತ್ತಲಿನ ಹಸಿ ಗೋಣಿತಟ್ಟಿನ ಕೆಳಗೆ ಬಿಟ್ಟುಬಂದಳು. ಆಮೇಲೆ ಮೂರು ಬೆರಳು ಕೂಡಿಸಿ ಕುಣಿಯ ಸುತ್ತ, ಮಗ್ಗದ ಕಂಬಗಳ ಸುತ್ತ ಮೂರೆಳೆ ಬೂದಿ ಗೆರೆ ಬಿಟ್ಟಳು. ನಡುವೆ ಒಂದಿಷ್ಟೂ ಸಂದಿಲ್ಲದಂತೆ ಸಿದ್ದವ್ವ ನೋಡಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಬಳಗ ಮರಳಿ ಬಂತು. ಎಲ್ಲಕ್ಕೂ ದೊಡ್ಡದು ಮುಂದಿತ್ತು. ಬೂದಿಯ ಹತ್ತಿರ ಬಂದು ಕೊಂಬು ಚಾಚಿತು, ಮುಟ್ಟಿತು, ಚಟ್ಟನೆ ಒಳಗೆಳೆದುಕೊಂಡಿತು. ಬಲಕ್ಕೆ ಹೋಗಿ ನೋಡಿತು, ಎಡಕ್ಕೆ ಬಂದು ನೋಡಿತು, ಕೊನೆಗೆ ಬೆನ್ನು ತಿರುಗಿಸಿತು. ಹಿಂದಿನವೂ ಹಾಗೆಯೇ.

ಗುರುಲಿಂಗವ್ವ ಲಾಟೀನು ಹಿಡಿದು ಗೆರೆಗುಂಟ ಒಂದು ಸುತ್ತು ಬಂದಳು.

“ಸಿದ್ದೀ, ಇವು ವಿಭೂತಿ ಒಲ್ಲೆ ಅಂತಾವಲ್ಲೇ!”

“ನನಗೂ ಹಂಗ ಕಾಣ್ತೈತ್ರಿ ಅತ್ತೀ.”

“ವಿಭೂತಿ ಒಲ್ಲದಾವ ಎಂಥಾ ಜಂಗಮ?” ಎಂದು ಲಾಟೀನನ್ನು ಗೋಡೆಯತ್ತ ಎತ್ತಿದಳು. ಲೋಳೆಯ ಗೆರೆಗಳು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಹೊಳೆಯುತ್ತಿದ್ದವು. “ಅಯ್ಯ ಶಿವನ! ಗ್ವಾಡಿ ತುಂಬ ನಾಮ! ನಾಮದವರೇ ಇವರು! ಎರಡ ದಿನ ಸುಳ್ಳ ಹೇಳಿ ನನ್ನ ಅಂಬಲಿ ಉಂಡಾರ!”

ಅಂದಾನಪ್ಪನ ಕೈ ತುರಿಸಿತು. “ಹಂಗಾದ್ರ ಉಪ್ಪು ತರ್ಲ್ಯಾ?”

“ಯಾಕ? ನಾಮದವರಿಗೆ ಜೀವ ಇಲ್ಲೇನು? ಪಂಗತಿ ಬ್ಯಾರೆ, ಅಷ್ಟ. ಹಿತ್ತಲದಾಗ ಉಣ್ಣಲಿ. ಒಳಗ ಬರಂಗಿಲ್ಲ!”

ಮುಂದೆ ಯಾರೂ ಹೇಳುವುದೇ ಬೇಕಾಗಲಿಲ್ಲ. ಬೂದಿ ಹಸಿಯಾದರೆ ಅದರ ಶಕ್ತಿ ಹೋಗುತ್ತದೆ. ಆದರೆ ಮುದುಕಿ ದಿನಾ ಸಂಜೆ ಹಳೆಯ ಗೆರೆ ಒರೆಸಿ ಹೊಸದು ಎಳೆದಳು, ಅಂಬಲಿಯ ಬಟ್ಟಲನ್ನು ಹಿತ್ತಲಿನ ತುದಿಗೆ ಒಯ್ದಿಟ್ಟಳು. ಅಂದಾನಪ್ಪ ಹಾಸಿನ ಎಳೆಗಳಿಗೆ ಮತ್ತೆ ಗಂಜಿ ಸವರಿ, ಒಣಗಿಸಿ, ಬೆನ್ನು ಸೆಟೆಯುವವರೆಗೆ ನೇಯ್ದ. ಕೆಂಪು ಸೆರಗು ಮುಗಿಸಿ ಮಗ್ಗದಿಂದ ಸೀರೆ ಕೊಯ್ದಾಗ ಗುರುವಾರ ಹೊತ್ತು ಮುಳುಗುತ್ತಿತ್ತು.

ಶುಕ್ರವಾರ ಹುನಗುಂದದಲ್ಲಿ ಸೀರೆ ರಾಚವ್ವನ ಕೈಗೆ ಬಂತು. ಅವಳು ಅಂಚು ತಿರುವಿದಳು, ಒಳಮೈ ನೋಡಿದಳು, ಬೆಳಕಿಗೆ ಹಿಡಿದಳು. ತಪ್ಪು ಸಿಗದೆ ಮುಖ ಸಣ್ಣದಾಯಿತು.

“ನೇಕಾರರು ಮಾರೂದು ಉದ್ದ ನೇಯತಾರಂತ, ಬೀಗರಿಗೆ ಗಿಡ್ಡ. ಹದಿನಾರು ಮೊಳ ತುಂಬತೈತೋ ಇಲ್ಲೋ, ಅಳದ ನೋಡಿದ್ರ ಸಿಟ್ಟಾಗಬ್ಯಾಡ್ರಿ ಮತ್ತ.”

“ಅಳೀರಿ, ಅಳೀರಿ. ಕೈ ನಿಮ್ಮದ ಐತಿ,” ಎಂದಳು ಸಿದ್ದವ್ವ.

ರಾಚವ್ವ ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯತೊಡಗಿದಳು. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಕಟ್ಟೆಯ ಮೇಲಿದ್ದ ಅಂದಾನಪ್ಪ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ಮರೆತ. ಸೆರಗಿನ ತುದಿ ಮುಟ್ಟಿದ ರಾಚವ್ವ ಮತ್ತೆ ಮೊದಲಿನಿಂದ ಶುರು ಮಾಡಿದಳು. ಎರಡನೆಯ ಸಲವೂ ಸೀರೆ ಹದಿನಾರು ಮೊಳ ಇತ್ತು.